ಖಾತೆಯ ಕಾವಲು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು ದುಡಿಮೆಗೆ ಹೆಸರಾದ ಊರುಗಳು. ಇಲ್ಲಿನ ಕಪ್ಪು ನೆಲದಲ್ಲಿ ತೊಗರಿ ಬೆಳೆಯುತ್ತದೆ. ನೆಲದ ಅಡಿಯಲ್ಲಿ ಸುಣ್ಣದ ಕಲ್ಲು ಹಾಸಿಕೊಂಡಿದೆ. ಸೇಡಂ, ವಾಡಿಗಳಲ್ಲಿ ಆ ಕಲ್ಲು ಸಿಮೆಂಟಾಗುತ್ತದೆ. ಶಹಾಬಾದದ ಗಣಿಗಳಲ್ಲಿ ಸೀಳಿ ತೆಗೆದ ಪರ್ಸಿ ಕಲ್ಲು ನಾಡಿನ ಎಷ್ಟೋ ಮನೆಗಳ ನೆಲಹಾಸಾಗಿದೆ. ವಾಡಿಯ ರೈಲು ಜಂಕ್ಷನ್ನಿನಿಂದ ಒಂದು ದಾರಿ ಸೊಲ್ಲಾಪುರದ ಮೂಲಕ ಮುಂಬಯಿಗೆ, ಒಂದು ದಾರಿ ರಾಯಚೂರಿನ ಕಡೆಗೆ, ಮತ್ತೊಂದು ದಾರಿ ಚಿತ್ತಾಪುರ, ಸೇಡಂಗಳನ್ನು ಹಾದು ಹೈದರಾಬಾದಿಗೆ ಹೋಗುತ್ತದೆ. ಚಿಂಚೋಳಿಯ ಹಳ್ಳಿ, ತಾಂಡಾಗಳಿಂದ ಕೆಲಸವನ್ನರಸಿ ದೂರದ ನಗರಗಳಿಗೆ ಹೋದವರು ಊರಿನಲ್ಲಿ ಉಳಿದ ವೃದ್ಧ ತಂದೆತಾಯಿಗಳಿಗೆ ತಿಂಗಳು ತಿಂಗಳು ಹಣ ಕಳುಹಿಸುತ್ತಾರೆ. ರೈತನ ತೊಗರಿಯ ಬೆಲೆ, ಕಾರ್ಮಿಕನ ವೇತನ, ವೃದ್ಧರ ಪಿಂಚಣಿ, ವಿದ್ಯಾರ್ಥಿಯ ವಿದ್ಯಾರ್ಥಿವೇತನ ಇವೆಲ್ಲವೂ ಇಂದು ಬಂದು ಸೇರುವುದು ಒಂದೇ ಸ್ಥಳಕ್ಕೆ. ಅದೇ ಬ್ಯಾಂಕಿನ ಖಾತೆ. ಬೆವರು ಹಣವಾಗಿ ಕೂಡಿದ ಆ ಖಾತೆಯನ್ನು ಕಾಯುವ ಬಗೆ ಹೇಗೆ ಎಂಬುದು ಪ್ರತಿಯೊಬ್ಬರೂ ತಿಳಿಯಬೇಕಾದ ಸಂಗತಿ.

ಹಣವಿದ್ದಲ್ಲಿ ಮೋಸವಿರುವುದು ಹೊಸದಲ್ಲ. ಈ ಸೀಮೆಯು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಾಗ ಇಲ್ಲಿ ಎರಡು ಬಗೆಯ ರೂಪಾಯಿಗಳ ಪರಿಚಯವಿತ್ತು. ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾ. ಬ್ರಿಟಿಷ್ ಸರಕಾರದ ನಾಣ್ಯ ಕಲ್ದಾರ. ಏಳು ಹಾಲಿ ರೂಪಾಯಿಗಳು ಆರು ಕಲ್ದಾರ ರೂಪಾಯಿಗಳಿಗೆ ಸಮವೆಂಬುದು ರೂಢಿಯ ಲೆಕ್ಕ. ಈ ಲೆಕ್ಕವನ್ನು ತಿಳಿಯದವನು ಸಂತೆಯಲ್ಲಿ ಸುಲಭವಾಗಿ ಮೋಸಹೋಗುತ್ತಿದ್ದನು. ಖೋಟಾ ನಾಣ್ಯದ ಭಯವೂ ಇತ್ತು. ಆದುದರಿಂದ ಕೈಗೆ ಬಂದ ನಾಣ್ಯವನ್ನು ಕಲ್ಲಿನ ಮೇಲೆ ಕುಟ್ಟಿ, ಅದರ ನಾದವನ್ನು ಕೇಳಿ, ಆಮೇಲೆ ಗಂಟು ಕಟ್ಟಿಕೊಳ್ಳುವುದು ಜನರ ಅಭ್ಯಾಸವಾಗಿತ್ತು. ಓದುಬರಹ ಬಾರದವನೂ ನಾಣ್ಯದ ದನಿಯನ್ನು ಓದಬಲ್ಲವನಾಗಿದ್ದನು. ಕೊಡುವವನು ಎಷ್ಟೇ ದೊಡ್ಡವನಾಗಿರಲಿ, ಎಷ್ಟೇ ಅವಸರಪಡಿಸಲಿ, ನಾಣ್ಯವನ್ನು ಕುಟ್ಟಿ ನೋಡದೆ ಸ್ವೀಕರಿಸುತ್ತಿರಲಿಲ್ಲ. ಇದನ್ನು ಯಾರೂ ಅವಮರ್ಯಾದೆಯೆಂದು ಭಾವಿಸುತ್ತಿರಲಿಲ್ಲ.

ಮತ್ತೊಂದು ಮೋಸ ಕಾಗದದ ಮೇಲೆ ನಡೆಯುತ್ತಿತ್ತು. ಬಿತ್ತನೆಯ ಕಾಲದಲ್ಲಿ ಸಾಲಕ್ಕೆಂದು ಸಾಹುಕಾರನ ಮನೆಗೆ ಹೋದ ಅನಕ್ಷರಸ್ಥ ರೈತನು ಅಲ್ಲಿ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದನು. ಕಾಗದದಲ್ಲಿ ಬರೆದಿದ್ದ ಮೊತ್ತವೆಷ್ಟು, ಬಡ್ಡಿಯೆಷ್ಟು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ನ್ಯಾಯವಂತರಾದ ಸಾಹುಕಾರರೂ ಇದ್ದರು. ಆದರೆ ನ್ಯಾಯವಂತನಲ್ಲದವನ ಕೈಯಲ್ಲಿ ಆ ಹೆಬ್ಬೆಟ್ಟಿನ ಗುರುತು ಒಂದು ತಲೆಮಾರಿನ ಹೊಲವನ್ನೇ ನುಂಗಬಲ್ಲ ಅಸ್ತ್ರವಾಗುತ್ತಿತ್ತು. ನಾಣ್ಯವನ್ನು ಪರೀಕ್ಷಿಸಬಲ್ಲ ಮನುಷ್ಯನು ಕಾಗದವನ್ನು ಪರೀಕ್ಷಿಸಲಾರದೆ ಸೋಲುತ್ತಿದ್ದನು. ಸಾಧನ ಹೊಸದಾದಾಗ ಅದರ ಪರೀಕ್ಷೆಯೂ ಹೊಸದಾಗಬೇಕು ಎಂಬ ಪಾಠ ಇದರಲ್ಲಿ ಅಡಗಿದೆ.

ಇಂತಹ ಸಾಲದ ಬಲೆಯಿಂದ ಜನರನ್ನು ಬಿಡಿಸುವ ಆಶಯದೊಡನೆ ಬ್ಯಾಂಕುಗಳು ಹಳ್ಳಿಗಳತ್ತ ಬಂದವು. 1941ರಲ್ಲಿ ಸಂಸ್ಥಾನದ ಬ್ಯಾಂಕಾಗಿ ಸ್ಥಾಪನೆಗೊಂಡ ಹೈದರಾಬಾದ್ ಸ್ಟೇಟ್ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂಬ ಹೆಸರಿನಿಂದ ಈ ಭಾಗದಲ್ಲಿ ಮನೆಮಾತಾಯಿತು. 1969ರಲ್ಲಿ ದೇಶದ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 1978ರಲ್ಲಿ ಕಲಬುರಗಿಯನ್ನು ಕೇಂದ್ರವಾಗಿಸಿಕೊಂಡು ಕೃಷ್ಣಾ ಗ್ರಾಮೀಣ ಬ್ಯಾಂಕು ಹುಟ್ಟಿಕೊಂಡಿತು. 2014ರಲ್ಲಿ ಆರಂಭವಾದ ಜನಧನ ಯೋಜನೆಯು ಅದುವರೆಗೆ ಬ್ಯಾಂಕಿನ ಮೆಟ್ಟಿಲು ಹತ್ತದಿದ್ದ ಕೋಟ್ಯಂತರ ಜನರಿಗೆ ಖಾತೆಯನ್ನು ದೊರಕಿಸಿತು. 2016ರಲ್ಲಿ ಬಳಕೆಗೆ ಬಂದ ಯುಪಿಐ ವ್ಯವಸ್ಥೆಯಿಂದ ಬ್ಯಾಂಕು ಜನರ ಅಂಗೈಗೇ ಬಂದು ಕುಳಿತಿತು. ಚಹದ ಅಂಗಡಿಯವನಿಗೆ ಹತ್ತು ರೂಪಾಯಿ ಕೊಡುವುದಕ್ಕೂ ಇಂದು ಮೊಬೈಲು ಸಾಕು. ಇದು ಸಾಮಾನ್ಯ ಸೌಕರ್ಯವಲ್ಲ. ಆದರೆ ಬಾಗಿಲು ಹೆಚ್ಚಿದ ಮನೆಗೆ ಕಾವಲೂ ಹೆಚ್ಚಬೇಕಾಗುತ್ತದೆ.

ಬ್ಯಾಂಕಿನ ಬೀಗಗಳು ಸಾಕಷ್ಟು ಭದ್ರವಾಗಿಯೇ ಇವೆ. ನಾಲ್ಕು ಅಂಕೆಗಳ ಪಿನ್ ಸಂಖ್ಯೆಯನ್ನು 10,000 ಬಗೆಗಳಲ್ಲಿ ಜೋಡಿಸಬಹುದು. ವ್ಯವಹಾರದ ವೇಳೆಯಲ್ಲಿ ಮೊಬೈಲಿಗೆ ಬರುವ ಆರು ಅಂಕೆಗಳ ಒಟಿಪಿ, ಅಂದರೆ ಒಂದು ಸಲಕ್ಕೆ ಮಾತ್ರ ಸಲ್ಲುವ ಗುಪ್ತಸಂಖ್ಯೆಯನ್ನು 10 ಲಕ್ಷ ಬಗೆಗಳಲ್ಲಿ ಜೋಡಿಸಬಹುದು. ಅದು ಕೆಲವೇ ನಿಮಿಷಗಳಲ್ಲಿ ನಿರರ್ಥಕವಾಗುತ್ತದೆ. ಕೆಲವು ಸಲ ತಪ್ಪಾಗಿ ಒತ್ತಿದರೆ ಬಾಗಿಲೇ ಮುಚ್ಚಿಕೊಳ್ಳುತ್ತದೆ. ಇದನ್ನು ಊಹಿಸಿ ಹೇಳುವುದು ಕಳ್ಳನಿಗೆ ಅಸಾಧ್ಯವೆಂದೇ ಹೇಳಬೇಕು. ಆದುದರಿಂದ ಅವನು ಊಹಿಸುವುದಿಲ್ಲ, ಕೇಳುತ್ತಾನೆ! ಬೀಗವನ್ನು ಒಡೆಯುವುದು ಕಷ್ಟವೆಂದು ಅರಿತ ಅವನು ಮನೆಯೊಡೆಯನಿಂದಲೇ ಬೀಗ ತೆಗೆಸುತ್ತಾನೆ. ದಿನನಿತ್ಯದ ಬ್ಯಾಂಕು ವ್ಯವಹಾರದಲ್ಲಿ ನಡೆಯುವ ಮೋಸಗಳಲ್ಲಿ ಬಹುಪಾಲಿನ ಒಳಗುಟ್ಟು ಇದೇ.

ಮನೆಯೊಡೆಯನೇ ಬೀಗ ತೆಗೆಯುವಂತೆ ಮಾಡಲು ವಂಚಕನು ಉಪಯೋಗಿಸುವ ಕೀಲಿಕೈಗಳು ಮೂರು: ಭಯ, ಆಸೆ ಮತ್ತು ಅವಸರ. ಇವೂ ಹಳೆಯವೇ. ಯುರೋಪಿನಲ್ಲಿ ನೂರಾರು ವರ್ಷಗಳ ಹಿಂದೆಯೇ ‘ಸ್ಪೇನಿನ ಸೆರೆಯಾಳು’ ಎಂದು ಹೆಸರಾದ ಒಂದು ಮೋಸವಿತ್ತು. ಶ್ರೀಮಂತನೊಬ್ಬನು ಸ್ಪೇನಿನ ಸೆರೆಮನೆಯಲ್ಲಿದ್ದಾನೆ, ಅವನನ್ನು ಬಿಡಿಸಲು ತುಸು ಹಣ ಕಳುಹಿಸಿದರೆ ಅವನು ಅಡಗಿಸಿಟ್ಟ ನಿಧಿಯಲ್ಲಿ ಪಾಲು ದೊರೆಯುತ್ತದೆ, ಆದರೆ ಈ ಸಂಗತಿಯನ್ನು ಯಾರಿಗೂ ಹೇಳಕೂಡದು ಎಂದು ಅಪರಿಚಿತರಿಗೆ ಪತ್ರ ಬರುತ್ತಿತ್ತು. ಸೆರೆಯಾಳೂ ಇರುತ್ತಿರಲಿಲ್ಲ, ನಿಧಿಯೂ ಇರುತ್ತಿರಲಿಲ್ಲ. ಹಣ ಕಳುಹಿಸಿದ ಮರುಳನೊಬ್ಬನು ಮಾತ್ರ ನಿಜವಾಗಿ ಇರುತ್ತಿದ್ದನು. ಇಂದು ಬಹುಮಾನ ಬಂದಿದೆ ಎಂದೋ, ವಿದೇಶದಿಂದ ಉಡುಗೊರೆ ಬಂದು ಸುಂಕದ ಕಟ್ಟೆಯಲ್ಲಿ ನಿಂತಿದೆ ಎಂದೋ ಬರುವ ಸಂದೇಶಗಳು ಅದೇ ಪತ್ರದ ಮರುಹುಟ್ಟುಗಳು.

ಭಯವೆಂಬ ಕೀಲಿಕೈ ಕೆಲಸ ಮಾಡುವ ರೀತಿಯನ್ನು ಮೊದಲು ನೋಡಬಹುದು. “ನಿಮ್ಮ ಖಾತೆ ಇಂದು ಸಂಜೆಗೆ ನಿಂತುಹೋಗುತ್ತದೆ, ಕೂಡಲೇ ಕೆವೈಸಿ ಮಾಡಿಸಬೇಕು” ಎಂದು ಕರೆ ಬರುತ್ತದೆ. ಖಾತೆದಾರನ ಗುರುತು, ವಿಳಾಸಗಳನ್ನು ಬ್ಯಾಂಕು ಆಗಾಗ ಖಚಿತಪಡಿಸಿಕೊಳ್ಳುವುದು ನಿಜ. ಅದಕ್ಕೆಂದು ಪಿನ್ ಸಂಖ್ಯೆಯನ್ನಾಗಲಿ, ಒಟಿಪಿಯನ್ನಾಗಲಿ ಅದು ಎಂದಿಗೂ ಕೇಳುವುದಿಲ್ಲ. ಬ್ಯಾಂಕುಗಳ ವಿಲೀನವೂ ವಂಚಕನಿಗೆ ಒಳ್ಳೆಯ ನೆಪ. ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಾಯಿತು. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಡನೆ ಕೂಡಿ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕಾಯಿತು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಊರಿನ ಶಾಖೆಯ ಫಲಕ ಹೀಗೆ ಮೇಲಿಂದ ಮೇಲೆ ಬದಲಾಗುವಾಗ, “ಬ್ಯಾಂಕಿನ ಹೆಸರು ಬದಲಾಗಿದೆ, ನಿಮ್ಮ ಹಳೆಯ ಕಾರ್ಡಿನ ಸಂಖ್ಯೆ ಹೇಳಿ” ಎಂಬ ಮಾತನ್ನು ನಂಬುವುದು ಸಹಜ. ಆದರೆ ಬ್ಯಾಂಕಿನ ಹೆಸರು ಬದಲಾದರೆ ಅದರ ದಾಖಲೆಗಳು ಬ್ಯಾಂಕಿನಲ್ಲಿಯೇ ಇರುತ್ತವೆ. ಅವುಗಳನ್ನು ಖಾತೆದಾರನಿಂದ ಫೋನಿನಲ್ಲಿ ಕೇಳಿ ತಿಳಿಯುವ ಅಗತ್ಯ ಬ್ಯಾಂಕಿಗಿಲ್ಲ.

ಇದಕ್ಕಿಂತ ಘೋರವಾದುದು ‘ಡಿಜಿಟಲ್ ಅರೆಸ್ಟ್’ ಎಂಬ ನಾಟಕ. ಪೊಲೀಸರ ಸಮವಸ್ತ್ರ ಧರಿಸಿದ ವ್ಯಕ್ತಿಯೊಬ್ಬನು ವಿಡಿಯೊ ಕರೆಯಲ್ಲಿ ಕಾಣಿಸಿಕೊಂಡು, “ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಕರೆ ಕತ್ತರಿಸಿದರೆ ಬಂಧಿಸುತ್ತೇವೆ” ಎಂದು ಗದರಿಸುತ್ತಾನೆ. ಗಂಟೆಗಟ್ಟಲೆ, ದಿನಗಟ್ಟಲೆ ಜನರನ್ನು ಕೋಣೆಯಲ್ಲಿ ಕೂಡಿಸಿ, ತನಿಖೆಗೆಂದು ಅವರ ಹಣವನ್ನೆಲ್ಲ ಬೇರೆ ಖಾತೆಗೆ ಹಾಕಿಸಿಕೊಳ್ಳುತ್ತಾನೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಇಂತಹ ಒಂದು ಕರೆಯ ಧ್ವನಿಮುದ್ರಣವನ್ನು ದೇಶಕ್ಕೆ ಕೇಳಿಸಿದರು. ಅದನ್ನು ಮುದ್ರಿಸಿಕೊಂಡವರು ನಮ್ಮ ವಿಜಯಪುರದ ನಾಗರಿಕರೊಬ್ಬರು. ಭಾರತದ ಕಾನೂನಿನಲ್ಲಿ ಫೋನಿನ ಮೂಲಕ ಬಂಧಿಸುವ ಕ್ರಮವೇ ಇಲ್ಲ. ಯಾವ ಪೊಲೀಸರೂ, ಯಾವ ನ್ಯಾಯಾಲಯವೂ ತನಿಖೆಗಾಗಿ ಖಾತೆಯ ಹಣವನ್ನು ವರ್ಗಾಯಿಸೆಂದು ಕರೆಮಾಡಿ ಹೇಳುವುದಿಲ್ಲ. ಈ ಬಲೆಗೆ ವೈದ್ಯರೂ, ನಿವೃತ್ತ ಅಧಿಕಾರಿಗಳೂ ಬಿದ್ದಿದ್ದಾರೆ. ವಿದ್ಯೆಯೊಂದೇ ರಕ್ಷಾಕವಚವಲ್ಲ, ಹೆದರಿದ ಮನಸ್ಸು ಎಷ್ಟು ಓದಿದ್ದರೂ ಆ ಗಳಿಗೆಯಲ್ಲಿ ಅನಕ್ಷರಸ್ಥನ ಮನಸ್ಸೇ ಆಗಿರುತ್ತದೆ.

ಆಸೆ ಮತ್ತು ಅವಸರಗಳು ಒಂದಾಗಿ ಕೆಲಸ ಮಾಡುವ ಬಗೆಯನ್ನು ಒಂದು ಕಲ್ಪಿತ ಪ್ರಸಂಗದಿಂದ ತಿಳಿಯಬಹುದು. ಸೇಡಂ ತಾಲ್ಲೂಕಿನ ರೈತನೊಬ್ಬನು ಎತ್ತುಗಳನ್ನು ಮಾರಬೇಕೆಂದು ಮೊಬೈಲಿನಲ್ಲಿ ಚಿತ್ರ ಹಾಕಿದ್ದಾನೆ ಎನ್ನೋಣ. ದೂರದ ಊರಿನ ವ್ಯಾಪಾರಿಯೆಂದು ಹೇಳಿಕೊಂಡವನೊಬ್ಬನು ಚೌಕಾಶಿಯನ್ನೇ ಮಾಡದೆ ಕೇಳಿದ ಬೆಲೆಗೆ ಒಪ್ಪುತ್ತಾನೆ. ಮುಂಗಡ ಕಳುಹಿಸುತ್ತೇನೆಂದು ಚೌಕದ ಆಕಾರದ ಒಂದು ಕ್ಯೂಆರ್ ಗುರುತನ್ನು ಕಳುಹಿಸಿ, “ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹತ್ತು ಸಾವಿರ ನಿಮಗೆ ಬರುತ್ತದೆ, ಬೇಗ ಆಗಲಿ, ಬೇರೊಬ್ಬರ ಎತ್ತುಗಳನ್ನೂ ನೋಡಿದ್ದೇನೆ” ಎನ್ನುತ್ತಾನೆ. ರೈತನ ಬೆರಳು ಗುಂಡಿಯ ಮೇಲಿರುವಾಗ ಹತ್ತನೆಯ ತರಗತಿಯಲ್ಲಿ ಓದುವ ಅವನ ಮಗಳು ಕೇಳುತ್ತಾಳೆ:

“ಅಪ್ಪಾ, ಅಂಗಡ್ಯಾಗ ನಾವು ರೊಕ್ಕ ಕೊಡೋವಾಗ ಪಿನ್ ಒತ್ತತೀವಿ. ಈಗ ನಮಗ ಬರೋ ರೊಕ್ಕಕ್ಕ ಪಿನ್ ಯಾಕ ಒತ್ತಬೇಕು?”

“ಅವ್ರು ಹಂಗ ಹೇಳ್ಲತ್ತಾರಲ್ಲವ್ವ.”

“ಅವ್ರು ಹೇಳ್ಲಿ ಬಿಡಪ್ಪ. ಕೊಡೋವ್ರು ಅವ್ರು. ಪಿನ್ ಅವ್ರ ಒತ್ತಲಿ.”

ಈ ಮಗುವಿನ ಮಾತಿನಲ್ಲಿ ಒಂದು ದೊಡ್ಡ ನಿಯಮವೇ ಇದೆ. ಯುಪಿಐ ಪಿನ್ ಒತ್ತುವುದೆಂದರೆ ‘ನನ್ನ ಖಾತೆಯಿಂದ ಹಣ ಕೊಡು’ ಎಂದು ಬ್ಯಾಂಕಿಗೆ ಅಪ್ಪಣೆ ಕೊಡುವುದು. ಚೆಕ್ಕಿಗೆ ಸಹಿ ಹಾಕುವುದಕ್ಕೆ ಅದು ಸಮ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಒಟಿಪಿ ಬೇಕಿಲ್ಲ. ಹಣ ಬಂದಿದೆ ಎಂದು ಅಪರಿಚಿತನು ಕಳುಹಿಸಿದ ಸಂದೇಶವನ್ನು ನೋಡಿ ಸರಕನ್ನು ಕೊಡುವುದೂ ತಪ್ಪು. ತನ್ನ ಖಾತೆಯ ಶಿಲ್ಕನ್ನೇ ನೋಡಿ ನಂಬಬೇಕು. “ತಪ್ಪಿ ನಿಮ್ಮ ಖಾತೆಗೆ ಹಣ ಹಾಕಿದ್ದೇನೆ, ಮರಳಿಸಿ” ಎಂದು ಅಳುವವನ ಮಾತಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ನಿಜವಾಗಿಯೂ ತಪ್ಪು ನಡೆದಿದ್ದರೆ ಅದನ್ನು ಬ್ಯಾಂಕಿನ ಮೂಲಕವೇ ಸರಿಪಡಿಸಬಹುದು.

ಇನ್ನೊಂದು ಮೋಸ ಮೊಬೈಲಿನ ಒಳಹೊಕ್ಕು ಕೆಲಸ ಮಾಡುತ್ತದೆ. ಮದುವೆಯ ಕರೆಯೋಲೆ, ವಾಹನದ ದಂಡದ ರಸೀದಿ, ರೈತರ ಸಹಾಯಧನದ ಪಟ್ಟಿ ಮುಂತಾದ ಹೆಸರುಗಳಿಂದ ವಾಟ್ಸಾಪಿನಲ್ಲಿ ಒಂದು ಕಡತ ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಅಕ್ಷರಗಳಿದ್ದರೆ ಅದು ಕರೆಯೋಲೆಯಲ್ಲ, ಮೊಬೈಲಿನಲ್ಲಿ ನೆಲೆಸಲು ಬಂದ ಒಂದು ತಂತ್ರಾಂಶ. ಅದನ್ನು ಒಳಗೆ ಬಿಟ್ಟುಕೊಂಡರೆ ಬ್ಯಾಂಕು ಕಳುಹಿಸುವ ಗುಪ್ತಸಂಖ್ಯೆಗಳನ್ನು ಖಾತೆದಾರನಿಗೆ ತಿಳಿಯದಂತೆ ಓದಿ ವಂಚಕನಿಗೆ ಮುಟ್ಟಿಸಬಲ್ಲದು. ಸಹಾಯ ಮಾಡುವ ನೆಪದಲ್ಲಿ, ಮೊಬೈಲಿನ ಪರದೆಯನ್ನು ದೂರದಿಂದಲೇ ನೋಡಬಲ್ಲ ತಂತ್ರಾಂಶವನ್ನು ಹಾಕಿಸುವವರೂ ಉಂಟು. ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕಿದರೆ ವಂಚಕರು ತುಂಬಿಸಿಟ್ಟ ಸುಳ್ಳು ಸಂಖ್ಯೆಗಳೇ ಸಿಗಬಹುದು. ಆದುದರಿಂದ ಪಾಸ್ ಪುಸ್ತಕದ ಮೇಲೆ ಅಥವಾ ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿದ ಸಂಖ್ಯೆಯನ್ನೇ ಬಳಸಬೇಕು. ರಿಸರ್ವ್ ಬ್ಯಾಂಕು ದೇಶದ ಬ್ಯಾಂಕುಗಳಿಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಪ್ರತ್ಯೇಕ ಜಾಲವಿಳಾಸವನ್ನು ಗೊತ್ತುಪಡಿಸಿ, 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಬೇಕೆಂದು ಆದೇಶಿಸಿತು. ವಿಳಾಸದ ಕೊನೆಯನ್ನು ಗಮನಿಸುವುದು ಇಂದಿನ ನಾಣ್ಯಪರೀಕ್ಷೆಗಳಲ್ಲಿ ಒಂದು.

ಮೊಬೈಲು ಬಳಸದ ವೃದ್ಧರಿಗೂ ಅಪಾಯ ತಪ್ಪಿದ್ದಲ್ಲ. ಶಾಖೆ ದೂರವಿರುವ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಬೆರಳಚ್ಚಿನ ಯಂತ್ರವನ್ನಿಟ್ಟುಕೊಂಡು ಹಣ ಕೊಡುತ್ತಾರೆ. ಆಧಾರ್ ಸಂಖ್ಯೆ ಮತ್ತು ಬೆರಳಿನ ಗುರುತು ಸೇರಿದರೆ ಖಾತೆಯ ಬಾಗಿಲು ತೆರೆಯುತ್ತದೆ. ಅಲ್ಲಿ ಪಿನ್ ಆಗಲಿ ಒಟಿಪಿಯಾಗಲಿ ಇಲ್ಲ. ಬಿಸಿಲಿನಲ್ಲಿ ನಡೆದು ಬರುವ ಅಜ್ಜಿಗೆ ಈ ಸೌಲಭ್ಯ ದೊಡ್ಡ ಉಪಕಾರ. ಪ್ರಾಮಾಣಿಕರಾದ ಬ್ಯಾಂಕ್ ಮಿತ್ರರು ಹಳ್ಳಿಯ ಆಸ್ತಿ. ಆದರೆ ಅಪ್ರಾಮಾಣಿಕನಾದವನು “ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಇಡಿ” ಎಂದು ಹೇಳಿ ಎರಡು ಸಲ ಹಣ ತೆಗೆದು, ಒಂದು ಸಲದ ಹಣವನ್ನಷ್ಟೇ ಕೈಗೆ ಕೊಡಬಲ್ಲನು. ಸಾಹುಕಾರನ ಕಾಗದದ ಮೇಲಿನ ಹೆಬ್ಬೆಟ್ಟು ಹೀಗೆ ಯಂತ್ರದ ಗಾಜಿನ ಮೇಲೆ ಮರಳಿ ಬಂದಿದೆ! ಆದುದರಿಂದ ಪ್ರತಿಯೊಂದು ಸಲವೂ ಮುದ್ರಿತ ರಸೀದಿಯನ್ನು ಕೇಳಿ ಪಡೆಯಬೇಕು. ಯಂತ್ರ ‘ವಿಫಲ’ ಎಂದರೂ ಅದಕ್ಕೂ ರಸೀದಿ ಕೇಳಬೇಕು. ತಿಂಗಳಿಗೊಮ್ಮೆ ಪಾಸ್ ಪುಸ್ತಕವನ್ನು ಶಾಖೆಯಲ್ಲಿ ತುಂಬಿಸಿ ಓದಿಸಿಕೊಳ್ಳಬೇಕು. ಜಮೀನಿನ ನೋಂದಣಿ ಪತ್ರಗಳಲ್ಲಿನ ಬೆರಳಚ್ಚುಗಳನ್ನು ನಕಲುಮಾಡಿ ಖಾತೆಗಳಿಂದ ಹಣ ಕದ್ದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲಿಯೇ ಬೆಳಕಿಗೆ ಬಂದವು. ಬೆರಳಚ್ಚಿನ ಬಳಕೆಗೆ ಬೀಗ ಹಾಕಿಡುವ ಸೌಲಭ್ಯವನ್ನು ಆಧಾರ್ ಪ್ರಾಧಿಕಾರವೇ ಒದಗಿಸಿದೆ. ಬೇಕಾದಾಗ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಬಹುದು.

ಹಳೆಯ ಎಚ್ಚರಿಕೆಗಳನ್ನೂ ಮರೆಯುವಂತಿಲ್ಲ. ಎಟಿಎಂ ಕೋಣೆಯಲ್ಲಿ ನೆರವಿಗೆ ಬರುವ ಅಪರಿಚಿತನ ಕೈಗೆ ಕಾರ್ಡನ್ನು ಕೊಡಬಾರದು. ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಬಣ್ಣದ ಬೇರೊಂದು ಕಾರ್ಡು ಮರಳಿ ಬರಬಹುದು. ಪಿನ್ ಒತ್ತುವಾಗ ಇನ್ನೊಂದು ಕೈಯಿಂದ ಮರೆಮಾಡಬೇಕು. ಅದನ್ನು ಕಾರ್ಡಿನ ಮೇಲೆಯೇ ಬರೆದಿಡುವುದು ಬೀಗದ ಜೊತೆಗೆ ಕೀಲಿಕೈಯನ್ನೂ ತೂಗುಹಾಕಿದಂತೆ. ಬರೆಯದ ಚೆಕ್ಕಿಗೆ ಸಹಿ ಮಾಡಿ ಯಾರಿಗೂ ಕೊಡಬಾರದು. ಚೆಕ್ಕಿನಲ್ಲಿ ಮೊತ್ತದ ಹಿಂದೆ ಮುಂದೆ ಜಾಗ ಬಿಡದೆ ಬರೆದು, ಎಡಮೂಲೆಯಲ್ಲಿ ಎರಡು ಅಡ್ಡಗೆರೆ ಎಳೆದರೆ ಆ ಹಣ ಖಾತೆಗೇ ಹೋಗುತ್ತದೆಯೇ ಹೊರತು ನಗದಾಗಿ ಯಾರ ಕೈಗೂ ಸಿಗುವುದಿಲ್ಲ. ಮೊಬೈಲಿನ ಸಿಮ್ ಕಾರಣವಿಲ್ಲದೆ ಗಂಟೆಗಟ್ಟಲೆ ಸತ್ತುಹೋದರೆ, ಅದರ ನಕಲನ್ನು ಬೇರೆಯವರು ಪಡೆದಿರಬಹುದೆಂದು ಶಂಕಿಸಿ ಕೂಡಲೇ ವಿಚಾರಿಸಬೇಕು.

ತರುಣರು ವಿಶೇಷವಾಗಿ ತಿಳಿಯಬೇಕಾದ ಒಂದು ಅಪಾಯವಿದೆ. ಕದ್ದ ಹಣವನ್ನು ವಂಚಕನು ತನ್ನ ಖಾತೆಗೆ ಹಾಕಿಕೊಳ್ಳುವುದಿಲ್ಲ; ಹಾಕಿಕೊಂಡರೆ ಸಿಕ್ಕಿಬೀಳುತ್ತಾನೆ. ಆದುದರಿಂದ ಅವನಿಗೆ ಬೇರೆಯವರ ಖಾತೆಗಳು ಬೇಕು. “ನಿನ್ನ ಪಾಸ್ ಪುಸ್ತಕ, ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಹಣ ಕೊಡುತ್ತೇನೆ” ಎಂದು ಕೆಲಸವಿಲ್ಲದ ಹುಡುಗರನ್ನು, ಕಾಲೇಜಿನ ವಿದ್ಯಾರ್ಥಿಗಳನ್ನು ದಲ್ಲಾಳಿಗಳು ಒಲಿಸುತ್ತಾರೆ. ಕಷ್ಟವಿಲ್ಲದೆ ಬರುವ ಹಣವೆಂದು ಹುಡುಗನು ಒಪ್ಪುತ್ತಾನೆ. ಮುಂದೊಂದು ದಿನ, ತಾನು ಕಂಡರಿಯದ ಊರಿನ ಪೊಲೀಸರು ಅವನ ಮನೆಯ ಬಾಗಿಲಿಗೆ ಬರುತ್ತಾರೆ. ಯಾವುದೋ ನಾಡಿನ ವಿಧವೆಯೊಬ್ಬಳ ಉಳಿತಾಯ ಅವನ ಖಾತೆಯ ಮೂಲಕ ಹಾದುಹೋಗಿರುತ್ತದೆ. ಖಾತೆಯನ್ನು ಬಾಡಿಗೆಗೆ ಕೊಡುವುದು ಮನೆಯನ್ನು ಬಾಡಿಗೆಗೆ ಕೊಟ್ಟಂತಲ್ಲ; ತನ್ನ ಹೆಸರನ್ನೇ ಕಳ್ಳನಿಗೆ ತೊಡಿಸಿದಂತೆ. ಮೋಸಹೋಗದಿರುವುದು ಎಷ್ಟು ಮುಖ್ಯವೋ, ಮೋಸದ ಸಾಧನವಾಗದಿರುವುದೂ ಅಷ್ಟೇ ಮುಖ್ಯ.

ಇಷ್ಟೆಲ್ಲ ಎಚ್ಚರವಿದ್ದರೂ ಒಮ್ಮೊಮ್ಮೆ ಮನುಷ್ಯನು ಎಡವುತ್ತಾನೆ. ಆಗ ಮಾಡಬೇಕಾದುದೇನು? ಕದ್ದ ಹಣ ಕ್ಷಣದಲ್ಲಿಯೇ ಮಾಯವಾಗುವುದಿಲ್ಲ. ಒಂದು ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಹತ್ತು ಖಾತೆಗಳಿಗೆ ಹರಿದು, ಕೊನೆಗೆ ಎಲ್ಲಿಯೋ ನಗದಾಗಿ ಹೊರಬೀಳುತ್ತದೆ. ಅದು ಹರಿಯುತ್ತಿರುವಾಗಲೇ ಒಡ್ಡು ಹಾಕಿದರೆ ಉಳಿಯಬಹುದು. ಹೊರಬಿದ್ದ ಮೇಲೆ ಹಿಡಿಯುವುದು ಕಷ್ಟ. ಆ ಒಡ್ಡನ್ನು ಹಾಕುವುದಕ್ಕೆಂದೇ ದೇಶಕ್ಕೆಲ್ಲ ಒಂದೇ ಆದ 1930 ಎಂಬ ಸಹಾಯವಾಣಿ ಇದೆ. ಅಲ್ಲಿ ದಾಖಲಾದ ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ಒಡನೆಯೇ ತಲಪುತ್ತದೆ. ಹಣ ಇನ್ನೂ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯುತ್ತಾರೆ. ಮೊದಲ ಗಂಟೆಯ ಬೆಲೆ ಮುಂದಿನ ಹತ್ತು ದಿನಗಳಿಗಿಲ್ಲ. ಜೊತೆಯಲ್ಲಿಯೇ ಬ್ಯಾಂಕಿಗೆ ತಿಳಿಸಿ ಕಾರ್ಡು, ಖಾತೆಗಳ ವ್ಯವಹಾರವನ್ನು ನಿಲ್ಲಿಸಬೇಕು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬಂದ ಸಂದೇಶಗಳನ್ನು ಅಳಿಸದೆ ಉಳಿಸಬೇಕು.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ನಿರ್ದೇಶನವು ಇದಕ್ಕೊಂದು ನ್ಯಾಯದ ತಳಹದಿಯನ್ನು ಹಾಕಿತು. ಖಾತೆದಾರನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದಾಗ, ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನಗಳೊಳಗೆ ವರದಿ ಮಾಡಿದ ಖಾತೆದಾರನು ನಷ್ಟವನ್ನು ಹೊರಬೇಕಾಗಿಲ್ಲವೆಂದು ಅದು ಸಾರಿತು. ಗುಪ್ತಸಂಖ್ಯೆಯನ್ನು ತಾನೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಖಾತೆದಾರನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದೂ ಹೇಳಿತು. ತಪ್ಪು ಯಾರದೇ ಆಗಲಿ, ಬೇಗ ತಿಳಿಸಿದವನಿಗೆ ಲಾಭವೆಂಬುದು ಇದರ ಸಾರ. ಬ್ಯಾಂಕು ದೂರಿಗೆ 30 ದಿನಗಳೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮರ್ಪಕವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬಡ್ಸ್‌ಮನ್‌ರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಆದರೆ ಈ ಬಾಗಿಲುಗಳನ್ನು ತಟ್ಟದಂತೆ ಜನರನ್ನು ತಡೆಯುವ ಒಂದು ಶಕ್ತಿಯಿದೆ. ಅದೇ ನಾಚಿಕೆ. ‘ಊರವರು ನಕ್ಕಾರು, ಮಕ್ಕಳು ಬೈದಾರು’ ಎಂದು ಮೋಸಹೋದವನು ಬಾಯಿ ಬಿಡುವುದಿಲ್ಲ. ದೂರದ ಊರಿನಿಂದ ಮಗ ಕಳುಹಿಸಿದ ಹಣವನ್ನು ಕಳೆದುಕೊಂಡ ತಾಯಿ ಅದನ್ನು ಮಗನಿಗೆ ಹೇಳದೆ ಒಳಗೊಳಗೇ ಕೊರಗುತ್ತಾಳೆ. ಹಣವನ್ನು ಕದ್ದವನು ಮೊದಲ ಕಳ್ಳನಾದರೆ, ಹೇಳಿಕೊಳ್ಳುವ ಧೈರ್ಯವನ್ನು ಕದಿಯುವ ಈ ನಾಚಿಕೆ ಎರಡನೆಯ ಕಳ್ಳ. ವಂಚಕನು ಯಾವಾಗಲೂ “ಯಾರಿಗೂ ಹೇಳಬೇಡಿ” ಎನ್ನುವುದು ಏಕೆಂದರೆ, ಇನ್ನೊಬ್ಬರ ಕಿವಿಗೆ ಬಿದ್ದೊಡನೆ ಅವನ ಮಾಯೆ ಮುರಿಯುತ್ತದೆ. ಎತ್ತು ಮಾರಹೊರಟ ರೈತನನ್ನು ಉಳಿಸಿದ್ದು ಯಾವ ಯಂತ್ರವೂ ಅಲ್ಲ. ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿದ ಮಗಳು. ಮೋಸಹೋದವರನ್ನು ಮೂದಲಿಸುವ ಮನೆಯಲ್ಲಿ ಮುಂದಿನ ಮೋಸ ಮುಚ್ಚಿಹೋಗುತ್ತದೆ. ಸಮಾಧಾನದಿಂದ ಕೇಳುವ ಮನೆಯಲ್ಲಿ ಅದು ಹೊಸ್ತಿಲಲ್ಲೇ ಸಿಕ್ಕಿಬೀಳುತ್ತದೆ.

ಶಾಲೆಯಲ್ಲಿ ಕಲಿತ ಅಕ್ಷರ ಮನೆಯವರಿಗೆ ಉಪಯೋಗವಾಗುವ ಒಂದು ಸ್ಥಳ ಇದು. ಅಜ್ಜಿಯ ಪಾಸ್ ಪುಸ್ತಕವನ್ನು ತಿಂಗಳಿಗೊಮ್ಮೆ ಗಟ್ಟಿಯಾಗಿ ಓದಿ ಹೇಳುವುದು, ತಂದೆಯ ಮೊಬೈಲಿಗೆ ಬಂದ ಬ್ಯಾಂಕಿನ ಸಂದೇಶದ ಅರ್ಥ ಬಿಡಿಸುವುದು, 1930 ಎಂಬ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡುವುದು ವಿದ್ಯಾರ್ಥಿಗೆ ಕಷ್ಟದ ಕೆಲಸಗಳಲ್ಲ. ಅಪರಿಚಿತರ ಕರೆ ಭಯವನ್ನಾಗಲಿ ಆಸೆಯನ್ನಾಗಲಿ ಹುಟ್ಟಿಸಿದಾಗ ಅದನ್ನು ಕತ್ತರಿಸಿ, ಎರಡು ಗಳಿಗೆ ತಡೆದು, ಮನೆಯವರೊಬ್ಬರನ್ನು ಕೇಳಬೇಕು. ನಿಜವಾದ ಬ್ಯಾಂಕು ಅಷ್ಟು ಹೊತ್ತು ಕಾಯುತ್ತದೆ; ಕಾಯಲಾರದವನು ವಂಚಕನೊಬ್ಬನೇ. ಅಂದಿನವರು ನಾಣ್ಯವನ್ನು ಕುಟ್ಟಿ ನೋಡಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಇಂದಿನವರು ಮಾತನ್ನು ಹಾಗೆಯೇ ಕುಟ್ಟಿ ನೋಡಲು ಕಲಿತರೆ, ಕಷ್ಟಪಟ್ಟು ಗಳಿಸಿದ್ದು ಗಳಿಸಿದವರ ಬಳಿಯೇ ಉಳಿಯುತ್ತದೆ.

ಅಭ್ಯಾಸ

1. ನಾಣ್ಯವನ್ನು ಕಲ್ಲಿನ ಮೇಲೆ ಕುಟ್ಟಿ ನೋಡುವ ಪದ್ಧತಿಯಿಂದ ಇಂದಿನವರು ಕಲಿಯಬೇಕಾದುದೇನು?
2. “ಅವನು ಊಹಿಸುವುದಿಲ್ಲ, ಕೇಳುತ್ತಾನೆ!” ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
3. ಹಣ ಪಡೆಯಲು ಪಿನ್ ಒತ್ತಬೇಕೆಂದು ಹೇಳಿದರೆ ಅದು ಮೋಸವೆಂದು ಹೇಗೆ ತಿಳಿಯಬಹುದು?
4. ಖಾತೆಯನ್ನು ಬಾಡಿಗೆಗೆ ಕೊಡುವುದರಿಂದ ಒದಗುವ ಅನರ್ಥಗಳನ್ನು ಬರೆಯಿರಿ.
5. ನಾಚಿಕೆಯನ್ನು ಎರಡನೆಯ ಕಳ್ಳನೆಂದು ಕರೆದಿರುವುದು ಏಕೆ? ನಿಮ್ಮ ಮಾತುಗಳಲ್ಲಿ ಬರೆಯಿರಿ.
6. ನಿಮ್ಮ ಮನೆಯ ಹಿರಿಯರೊಬ್ಬರ ಒಪ್ಪಿಗೆ ಪಡೆದು ಅವರ ಪಾಸ್ ಪುಸ್ತಕವನ್ನು ಅವರಿಗೆ ಓದಿ ಹೇಳಿರಿ.